ಬುರುಡೆಗೆ ಸಿಕ್ಕ ಗಾಳಿ

ಗಾಳಿಯನ್ನು ನಂಬಿ ಕೂತವರು ನಮ್ಮ ಓಣಿಯಲ್ಲಿ ಇಬ್ಬರು: ಸಂಕ್ರಾಂತಿಗೆ ಗಾಳಿಪಟ ಮಾರುವವನು ಮತ್ತು ನಮ್ಮ ಕಾಕಾ. ಗಾಳಿಪಟದವನಿಗೆ ಹಬ್ಬ ಮುಗಿದ ಮೇಲಾದರೂ ಬುದ್ಧಿ ಬರುತ್ತಿತ್ತು! ಕಾಕಾ ತೀರಿಕೊಂಡು ಒಂದು ವರ್ಷವಾಯಿತು. ಅವರ ಮನೆಯಲ್ಲೇ ಬೆಳೆದವನು ನಾನು. ನಾಲ್ಕು ದುಃಖದ ಮಾತು ಬರೆಯಲು ಕೂತರೆ ನಗು ಬರುತ್ತದೆ. ನಕ್ಕರೆ ಅವರ ಹೆಂಡತಿ, ನಮ್ಮ ಕಾಕು, ಒಳಗಿನಿಂದ ಇಣುಕುತ್ತಾರೆ. ಏನು ಮಾಡಲಿ?

ಮಿರಜಿನ ನಮ್ಮ ಬಿಲ್ಡಿಂಗಿಗೂ ಪಕ್ಕದ ಬಿಲ್ಡಿಂಗಿಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಡೆಯುವಷ್ಟೇ ಸಂದಿ. ಹಾಗಾಗಿ ಮೆಟ್ಟಿಲಿಗೆ ಹಗಲಲ್ಲೂ ಕತ್ತಲೆ. ಕರೆಂಟು ಹೋದರೆ ಗೋಡೆ ಸವರುತ್ತ ಇಳಿಯಬೇಕು. ಒಂದು ದಿನ ಕಾಕಾ, "ಈ ಸಂದ್ಯಾಗ ಗಾಳಿ ಓಡತೈತಿ. ಅದನ್ನ ಹಿಡದು ಮೆಟ್ಟಲಕ್ಕ ದೀಪ ಹಚ್ಚತೀನಿ," ಎಂದು ಸಾರಿದರು.

ಮೊದಲು ಗಾಳಿ ಸಿಗಬೇಕಲ್ಲ? ಕಾಕುವಿನ ಸೀರೆಗಳನ್ನೆಲ್ಲ ಟೆರೇಸಿನ ಸುತ್ತ ಕಟ್ಟಿ, ಯಾವುದು ಹೆಚ್ಚು ಹಾರುತ್ತದೆಂದು ಕುರ್ಚಿ ಹಾಕಿಕೊಂಡು ಕೂತರು. ರಸ್ತೆಯಿಂದ ಒಬ್ಬಾಕೆ, "ಕಾಕಾ, ಹಿರವೀ ಕೇವಢ್ಯಾಲಾ?" ಎಂದು ಹಸಿರು ಸೀರೆಯ ರೇಟು ಕೇಳಿದಳು.

"ಕೊಟ್ಟಬಿಡ್ರಿ," ಎಂದರು ಕಾಕು, "ಜೋಡೀಲೆ ನನ್ನನ್ನೂ ಕಳಸ್ರಿ!"

ಕೊನೆಗೆ ನೀರಿನ ಟಾಕಿಯ ಮೂಲೆಯಲ್ಲಿ ಗಾಳಿ ಸಿಕ್ಕಿತು. ಅದನ್ನು ಹಿಡಿಯುವ ರೆಕ್ಕೆ? ಕಾಕಾ ಜನ್ಮವೆಲ್ಲ ತಂಬೂರಿ ಮಾಡಿದವರು. ಬಿರುಕು ಬಿಟ್ಟು ಮಾರಾಟವಾಗದ ಒಣ ಸೋರೆ ಬುರುಡೆಗಳು ಮಂಚದ ಕೆಳಗೂ ಇದ್ದವು. ಅವನ್ನು ಅರ್ಧಕ್ಕೆ ಸೀಳಿ, ಬಟ್ಟಲಿನಂತೆ ಒಂದು ಕಂಬದ ಸುತ್ತ ಜೋಡಿಸಿ, ಕೆಳಗೆ ಹಳೆಯ ಡೈನಮೋ ಕೂಡಿಸಿ, ಮೆಟ್ಟಿಲ ಬಲ್ಬಿಗೆ ತಂತಿ ಎಳೆದರು. ತಿರುಗಿತು! ತಿರುಗಿದ್ದಷ್ಟೇ ಅಲ್ಲ, ಊಳಿಟ್ಟಿತು.

ಸೊಸಾಯಟಿಯ ಚೇರಮನ್ನರು ಮಾಧವನಗರದ ಗಿರಣಿಯಲ್ಲಿ ದುಡಿದವರು, ಸದ್ದಿಗೆ ಹೆದರುವವರಲ್ಲ. ಅವರೇ ಓಡಿ ಬಂದರು. "ಕಾಕಾ, ಏನಿದು ಆವಾಜ್?"

ಕಾಕಾ ಕಣ್ಣು ಮುಚ್ಚಿ ಕೇಳಿದರು. "ಖರೇರಿ. ಬೇಸೂರ ಐತಿ."

ಆಮೇಲೆ ವಾರಗಟ್ಟಲೆ ಬುರುಡೆಗಳ ಅಂಚು ಹೆರೆದು ಹೆರೆದು ಶ್ರುತಿ ಕೂಡಿಸಿದರು! ಸದ್ದು ಕಡಿಮೆಯಾಯಿತೆ? ಎಲ್ಲಿಯದು! ಈಗ ಇಡೀ ಬಿಲ್ಡಿಂಗು ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತಿತ್ತು. ಕೆಳಮನೆಯ ಮಾವಶಿ ಹಾಲು ಕಾಯಿಸುತ್ತ ಅಭಂಗ ಹಾಡುವವರು. ಗಾಳಿ ಬೀಸಿದರೆ ಶ್ರುತಿ ಸಿಕ್ಕ ಖುಷಿಯಲ್ಲಿ ಕಣ್ಣು ಮುಚ್ಚುವರು, ಹಾಲು ಉಕ್ಕುವುದು.

ಸಭೆ ಸೇರಿತು. ಗಣಪತಿ ಹಬ್ಬದೊಳಗೆ ದೀಪ ಹತ್ತದಿದ್ದರೆ ಯಂತ್ರ ಕೆಳಗಿಳಿಯಬೇಕೆಂದು ಠರಾವು. ಕಾಕಾನ ಮುಖ ಇಷ್ಟೇ ಆಯಿತು. ಅಂದಿನಿಂದ ಟೆರೇಸೇ ಮನೆ.

ಆಷಾಢದ ಒಂದು ಸಂಜೆ ಕರೆಂಟು ಹೋಯಿತು, ಗಾಳಿ ಬಂತು. ಮೆಟ್ಟಿಲ ಬಲ್ಬಿನೊಳಗೆ ಊದಿನಕಡ್ಡಿಯ ತುದಿಯಷ್ಟು ಕೆಂಪು!

"ಹತ್ತೇತಿ!" ಎಂದರು ಕಾಕಾ.

ಚೇರಮನ್ನರು ಅದರ ಕೆಳಗೆ ಪೇಪರು ಹಿಡಿದು, "ಅಕ್ಷರ ದಿಸತ ನಾಹೀ," ಎಂದರು. ಅಕ್ಷರ ಕಾಣುವುದಿಲ್ಲವಂತೆ!

"ನೀವು ಪೇಪರ್ ಓದಾವ್ರಾ, ಮೆಟ್ಟಲಾ ಇಳ್ಯಾವ್ರಾ?"

ತೀರ್ಪಿಗೆ ಕಾಕುವನ್ನು ಕರೆದರು. ಕಾಕು ಬಲ್ಬಿನ ಹತ್ತಿರ ಮುಖ ತಂದು, ಸೀರೆಗಳ ಸಿಟ್ಟನ್ನೂ ಸೇರಿಸಿ, "ಹತ್ತಿಲ್ಲ," ಎಂದರು.

ಹತ್ತಿತ್ತೋ ಇಲ್ಲವೋ, ನನಗೆ ಈಗಲೂ ಬಗೆಹರಿದಿಲ್ಲ. ಕಾಕಾ ಮಾತ್ರ ಹೆಂಡತಿಯ ಜೊತೆ ಮಾತು ಬಿಟ್ಟರು. ಕಾಕು ಎದುರಿಗೇ ನಿಂತಿದ್ದರೂ ನನಗೆ ಹೇಳುವರು: "ನಿಮ್ಮ ಕಾಕುಗ ಹೇಳು, ಚಹಾಕ್ಕ ಸಕ್ಕರಿ ಕಡಿಮಿ ಆಗೇತಿ."

ಶ್ರಾವಣದ ಒಂದು ಬೆಳಿಗ್ಗೆ ಸಕ್ಕರೆಯ ಮಾತೇ ಬರಲಿಲ್ಲ. ಕಾಕಾ ಕುರ್ಚಿಯಲ್ಲಿ ಕೂತಲ್ಲೇ ಹೋಗಿದ್ದರು.

ಮಧ್ಯಾಹ್ನ ಜೋರು ಮಳೆ, ಗಾಳಿ, ಕರೆಂಟಿಲ್ಲ. ಕಾಕಾನನ್ನು ಹೊತ್ತು ಮೆಟ್ಟಿಲಿಗೆ ಬಂದರೆ ಕಾಲು ಎಲ್ಲಿಡಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಮೇಲೆ ಬುರುಡೆಗಳು ಗುಂಯ್ ಎಂದವು. ಬಲ್ಬು ಕೆಂಪಾಯಿತು, ಆಮೇಲೆ ಹಳದಿಯಾಯಿತು. ಮುಂದೆ ಹೆಗಲು ಕೊಟ್ಟಿದ್ದ ಚೇರಮನ್ನರು, "ಸಾವಕಾಶ... ದಿಸತಂಯ್, ದಿಸತಂಯ್," ಕಾಣುತ್ತಿದೆ ಎನ್ನುತ್ತ ಒಂದೊಂದೇ ಮೆಟ್ಟಿಲು ಇಳಿದರು.

ಬಾಗಿಲಲ್ಲಿದ್ದ ಕಾಕು ತಟ್ಟನೆ "ತಡೀರಿ!" ಎಂದರು. ನಾವೆಲ್ಲ ನಿಂತೆವು. ಅವರು ಇಳಿದು ಬಂದು ಕಾಕಾನ ಕಿವಿಯ ಹತ್ತಿರ ಬಗ್ಗಿದರು.

"ಹತ್ತೇತ್ರಿ," ಎಂದರು. "ಹತ್ತೇತಿ ನೋಡ್ರಿ."