ಮೊದ್ಲು ಕಾಲು ತೋರ್ಸು!

ನನ್ನ ಸೋದರತ್ತೆಗೆ ನನ್ನ ಮುಖದ ಗುರುತು ಇದೆಯೆಂದು ನಾನು ಆಣೆ ಮಾಡಿ ಹೇಳಲಾರೆ. ಕಾಲಿನ ಗುರುತು ಮಾತ್ರ ಖಂಡಿತ ಇದೆ! ಲೋಕದವರೆಲ್ಲ ಫೋನಿನಲ್ಲಿ "ಊಟ ಆಯ್ತಾ?" ಎಂದು ಕೇಳಿದರೆ, ಗೆಂಡೆಹಳ್ಳಿಯಿಂದ ನಮ್ಮತ್ತೆ ಕೇಳುವುದು "ಹಿಮ್ಮಡಿ ಹೆಂಗೈತೆ?" ಎಂದು. ಮೊಮ್ಮಗಳು ವಿಡಿಯೊ ಕಾಲ್ ಕಲಿಸಿಕೊಟ್ಟ ಮೇಲಂತೂ ಮುಗಿಯಿತು. "ಮಕ ಆಮ್ಯಾಕೆ ನೋಡಾನ, ಮೊದ್ಲು ಕಾಲು ತೋರ್ಸು!" ಅರಸೀಕೆರೆಯ ನಮ್ಮ ಮನೆಯ ನಡುಮನೆಯಲ್ಲಿ ಒಂಟಿಕಾಲಲ್ಲಿ ನಿಂತು ಮೊಬೈಲಿಗೆ ಅಂಗಾಲು ತೋರಿಸುವ ನನ್ನನ್ನು ಕಂಡು, ಎದುರುಮನೆಯವರು ನಾನು ಯೋಗ ಕಲಿಯುತ್ತಿದ್ದೇನೆ ಎಂದುಕೊಂಡಿದ್ದಾರೆ.

ಬೇಸಿಗೆ ಬಂತೆಂದರೆ ಅವಳ ಮನೆಯ ಬಾಗಿಲಲ್ಲಿ ತಪಾಸಣೆ ಇನ್ನೂ ಬಿಗಿ. ಒಂದು ಬಕೆಟ್ ತಣ್ಣೀರು, ಹಳೇ ಪಂಚೆಯ ತುಂಡು, ಬಟ್ಟಲಲ್ಲಿ ಕೊಬ್ಬರಿ ಎಣ್ಣೆ. ಕಾಲು ತೊಳೆದು, ಬೆರಳ ಸಂದಿ ಒರೆಸಿ, ಹಿಮ್ಮಡಿಗೆ ಎಣ್ಣೆ ಸವರಿಕೊಂಡವರಿಗಷ್ಟೇ ಒಳಗೆ ಪ್ರವೇಶ. ಒಮ್ಮೆ ಜಮೀನು ಅಳೆಯಲು ಸರ್ವೇಯರ್ ಒಬ್ಬರು ಸುಡುಬಿಸಿಲಲ್ಲಿ ಬಿಗಿ ಬೂಟು ತೊಟ್ಟು ಬಂದರು.

"ಅಯ್ಯೋ ಸ್ವಾಮಿ, ಅದ್ರೊಳ್ಗೆ ಕಾಲು ಬೇಯ್ತಾ ಐತಲ್ಲಾ! ಬಿಚ್ಚಿ, ಬಿಚ್ಚಿ."

"ಇಲ್ಲಮ್ಮ, ಡ್ಯೂಟಿ ಮೇಲಿದೀನಿ."

"ಡ್ಯೂಟಿಗೆ ಓಡಾಡಾದು ಕಾಲೇ ಅಲ್ವರಾ?"

ಪಾಪ, ಬೂಟು ಬಿಚ್ಚಿಯೇಬಿಟ್ಟರು! ಮುಕ್ಕಾಲು ಗಂಟೆ ಬಕೆಟ್ಟಿನಲ್ಲಿ ಕಾಲಿಟ್ಟು, ಎರಡು ಲೋಟ ಮಜ್ಜಿಗೆ ಕುಡಿದು, ಬೂಟನ್ನು ಕೈಯಲ್ಲಿ ಹಿಡಿದು ಹೊರಟುಹೋದರು. ಆ ದಿನ ಜಮೀನಿನ ಅಳತೆ ಆಗಲಿಲ್ಲ. ಸರ್ವೇಯರ ಹೆಬ್ಬೆರಳಿನ ಸರ್ವೆ ಮಾತ್ರ ಸಾಂಗವಾಗಿ ನಡೆಯಿತು!

ನನ್ನ ಮದುವೆ ಗೊತ್ತಾಗಿದ್ದೂ ಹೀಗೆಯೇ. ವರನ ಕಡೆಯವರು ಬಂದಾಗ ಉಳಿದವರು ಹುಡುಗನ ಕೆಲಸ, ಮನೆತನ ವಿಚಾರಿಸುತ್ತಿದ್ದರೆ, ಅತ್ತೆ ಮೂಲೆಯಲ್ಲಿ ಕೂತು ಅವನ ಪಾದಗಳನ್ನೇ ನೋಡುತ್ತಿದ್ದಳು. ಕೊನೆಗೆ ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ ತೀರ್ಪು ಕೊಟ್ಟಳು: "ಒಪ್ಕೊಳ್ಳೇ. ಉಗುರು ನೇರಕ್ಕೆ ಕತ್ತರಿಸ್ಕೊಂಡವ್ನೆ. ತಾಳ್ಮೆ ಇರೋನು." ಇಪ್ಪತ್ತು ವರ್ಷವಾಯಿತು, ತೀರ್ಪಿನಲ್ಲಿ ಒಂದಕ್ಷರ ತಪ್ಪಿಲ್ಲ!

ಹೋದ ಏಪ್ರಿಲ್‌ನಲ್ಲಿ ಅತ್ತೆ, ಅಪ್ಪ, ನಾನು, ನನ್ನ ಗಂಡ ಹಳೇಬೀಡಿಗೆ ಹೋದೆವು. ಬಸ್ಸು ತಡವಾಗಿ, ದೇವಸ್ಥಾನ ಮುಟ್ಟುವಾಗ ನಡುಮಧ್ಯಾಹ್ನ. ಚಪ್ಪಲಿ ಬಿಟ್ಟು ಕಲ್ಲುಹಾಸಿನ ಮೇಲೆ ಕಾಲಿಟ್ಟರೆ ಕಾದ ಕಾವಲಿ! ಅತ್ತೆ ಚೀಲದಿಂದ ಎಲ್ಲರಿಗೂ ಹತ್ತಿಯ ಕಾಲುಚೀಲ ತೆಗೆದು ಹಂಚಿದಳು. ಅಪ್ಪ ಮುಟ್ಟಲಿಲ್ಲ. ಅವನು ನಿವೃತ್ತ ಮೇಷ್ಟ್ರು, ಈಗ ನಮ್ಮ ಜೊತೆಯಲ್ಲೇ ಇರುವವನು, ಅತ್ತೆಗಿಂತ ಎಂಟು ವರ್ಷ ಚಿಕ್ಕವನು, ಬಹಳ ಕಾಲದಿಂದ ಸಕ್ಕರೆ ಕಾಯಿಲೆಯವನು. "ಥೂ, ದೇವ್ರ ಮುಂದೆ ಸಾಕ್ಸಾ?" ಎಂದು ಬರಿಗಾಲಲ್ಲಿ ಹೊರಟೇಬಿಟ್ಟ.

ಸುತ್ತಲಿನ ಪ್ರವಾಸಿಗರೆಲ್ಲ ಗೋಡೆಯ ಮೇಲಿನ ನರ್ತಕಿಯರಿಗೆ ಪೈಪೋಟಿ ಕೊಡುವಂತೆ ಕುಣಿಯುತ್ತಿದ್ದರು. ಅಪ್ಪನೊಬ್ಬ ಮಾತ್ರ ಕೈ ಹಿಂದೆ ಕಟ್ಟಿಕೊಂಡು, ನಿಂತು ನಿಂತು, ಆನೆಸಾಲಿನ ಒಂದೊಂದು ಆನೆಯನ್ನೂ ವಿಚಾರಿಸಿಕೊಳ್ಳುತ್ತ ನಡೆದ. "ನಿಮ್ಮಪ್ಪ ಋಷಿ ಕಣೇ!" ಎಂದ ನನ್ನ ಗಂಡ. ನಾನು ಹೆಮ್ಮೆಯಿಂದ ಫೋಟೋ ಹೊಡೆದೆ.

ಅತ್ತೆ ನಗಲಿಲ್ಲ. "ಬಿಸಿ ಹತ್ತಲಿಲ್ವೇನ್ಲಾ?"

"ಎಲ್ಲಿದೆ ಬಿಸಿ? ನಿಮ್ಮದೆಲ್ಲ ನಾಟಕ ಅಷ್ಟೆ."

ಅವಳ ಮುಖದ ಬಣ್ಣವೇ ಹೋಯಿತು. ಅಪ್ಪನ ರಟ್ಟೆ ಹಿಡಿದು ಎಳೆದೊಯ್ದು ಮರದ ನೆರಳಲ್ಲಿ ಕೂರಿಸಿ, ಪಾದ ಎತ್ತಿ ನೋಡಿದಳು. ಎರಡೂ ಅಂಗಾಲಲ್ಲಿ ನಿಂಬೆಯ ಹೋಳಿನಷ್ಟು ದೊಡ್ಡ ಬೊಬ್ಬೆಗಳು. ಒಂದು ಆಗಲೇ ಒಡೆದಿತ್ತು. ಅಪ್ಪ ಇನ್ನೂ ನಗುತ್ತಲೇ ಇದ್ದ! ನಮ್ಮ ನಗು ಅಲ್ಲಿಗೇ ನಿಂತಿತು.

ನನ್ನ ಗಂಡ "ಟೂತ್‌ಪೇಸ್ಟ್ ಹಚ್ಚಿದ್ರೆ..." ಎಂದು ಬಾಯಿ ತೆರೆದ. ಅತ್ತೆ ಒಂದು ನೋಟ ನೋಡಿದಳು, ಮುಚ್ಚಿಕೊಂಡ. ನಮ್ಮೆಲ್ಲರ ಬಾಟಲಿಗಳ ನೀರನ್ನು ಸಣ್ಣಗೆ ಸುರಿದು ಸುರಿದು ಬರಿದು ಮಾಡಿ, ಒಗೆದ ಬಟ್ಟೆಯನ್ನು ಸಡಿಲವಾಗಿ ಸುತ್ತಿ, ಕಾರು ಮಾಡಿಸಿ ಬೇಲೂರಿನ ಡಾಕ್ಟರ ಮುಂದೆ ಕೂರಿಸುವವರೆಗೂ ಅವಳು ಉಸಿರು ಬಿಟ್ಟಳೋ ಇಲ್ಲವೋ ಕಾಣೆ.

ಡಾಕ್ಟರು ಅಪ್ಪನ ಕಾಲನ್ನು ಅಲ್ಲಲ್ಲಿ ಮುಟ್ಟಿ, ಚುಚ್ಚಿ ನೋಡಿದರು. "ಸಕ್ಕರೆ ಕಾಯಿಲೆಯಿಂದ ಕಾಲಿನ ನರ ಸತ್ತಿದೆ. ಬಿಸಿ, ನೋವು ಯಾವುದೂ ಗೊತ್ತಾಗೋಲ್ಲ. ನಾಲ್ಕು ದಿನ ಯಾರೂ ನೋಡದೇ ಇದ್ದಿದ್ರೆ ಕಾಲೇ ತೆಗೀಬೇಕಾಗ್ತಿತ್ತು" ಎಂದವರು ಅತ್ತೆಯ ಕಡೆ ತಿರುಗಿ ಕೇಳಿದರು, "ನೀವು ನರ್ಸಾ?"

"ಅಲ್ಲ ಸ್ವಾಮಿ, ಅಕ್ಕ."

ಅತ್ತೆ ಅಲ್ಲಿಂದ ನೇರ ಅರಸೀಕೆರೆಗೆ, ನಮ್ಮ ಮನೆಗೇ ಬಂದಳು. ಇಷ್ಟು ವರ್ಷ ನಾವು ಹುಚ್ಚು ಅಂದುಕೊಂಡಿದ್ದನ್ನು ಬೆರಗಾಗಿ ನೋಡುವ ಸರದಿ ಈಗ ನಮ್ಮದು. ಮೊದಲ ಸಂಜೆ ಅವಳು ನೆಲದಲ್ಲಿ ಚಾಪೆ ಹಾಕಿ ಕೂತು, ಕುರ್ಚಿಯಲ್ಲಿದ್ದ ಅಪ್ಪನ ಪಾದವನ್ನು ಮಡಿಲಿಗೆ ಎಳೆದುಕೊಂಡಳು. ಅಪ್ಪ ಗಾಬರಿಯಿಂದ ಹಿಂದಕ್ಕೆಳೆದ.

"ಬೇಡ ಅಕ್ಕಾ. ದೊಡ್ಡೋಳು ನೀನು, ನನ್ನ ಕಾಲು ಮುಟ್ಟಬಾರದು. ಪಾಪ ಬರುತ್ತೆ ನನಗೆ."

"ಬಂದ್ರೆ ಬರ್ಲಿ ಬುಡ್ಲಾ. ಕಾಲಿದ್ರೆ ತಾನೆ ಮಾಲೇಕಲ್ಲು ಬೆಟ್ಟ ಹತ್ತಿ, ದೇವ್ರಿಗೆ ಕೈಮುಗ್ದು ಆ ಪಾಪ ಕಳ್ಕೊಂಡು ಬರೋದು?"

ಅಪ್ಪ ಸೋತ. ಅತ್ತೆ ಗಾಯ ಒರೆಸಿ, ಹೊಸ ಬಟ್ಟೆ ಕಟ್ಟಿ, ಆಮೇಲೆ ಒಂದೊಂದೇ ಬೆರಳನ್ನು ಹಿಡಿದು ನೋಡತೊಡಗಿದಳು. ಅದನ್ನೇ ನೋಡುತ್ತ ಕೂತಿದ್ದ ಅಪ್ಪನ ದನಿ ಇದ್ದಕ್ಕಿದ್ದಂತೆ ಒಡೆಯಿತು.

"ಅಕ್ಕಾ, ನೀನು ಮುಟ್ತಾ ಇರೋದೇ ನನಗೆ ಗೊತ್ತಾಗ್ತಿಲ್ಲ."

ಅತ್ತೆ ತಲೆಯೆತ್ತಲಿಲ್ಲ. ಅವನ ಕಿರುಬೆರಳನ್ನು ಮೆಲ್ಲಗೆ ಬಿಡಿಸಿ ಸಂದಿ ಒರೆಸಿದಳು.

"ನಂಗೆ ಗೊತ್ತಾಗ್ತೈತಲ್ಲಾ, ಸಾಕು ಬುಡು."