ಏರುತ್ತಿದ್ದ ಅಂಕಿ

ವಡಗಾವಿಯ ಗಲ್ಲಿಯೊಂದರಲ್ಲಿ, ಮಗ್ಗದ ಮನೆಯ ಮಾಳಿಗೆಯ ಮೇಲಿದ್ದ ಆ ಕಂಪ್ಯೂಟರ್ ಆಫೀಸಿನ ಸರ್ವರ್ ಹಿಂದಿನ ದಿನ ಅರ್ಧ ತಾಸು ಸತ್ತು ಮಲಗಿತ್ತು. ಹತ್ತಾರು ಗಿರಾಕಿಗಳ ವೆಬ್‌ಸೈಟುಗಳು ಅದರ ಮೇಲೇ ನಿಂತಿದ್ದವು. ಬೆಳಿಗ್ಗೆ ಒಡತಿ ಪ್ರಮಿಳಾ ಮೇಡಂ ಹೊಸ ಹುಡುಗ ಮಾಯಪ್ಪನನ್ನು ಕರೆದರು.

"ಸರ್ವರ್ ಮೆಮರಿ ನುಂಗಾಕತ್ತೈತಿ. ಯಾವಾಗ ಎಷ್ಟು ನುಂಗತೈತಿ, ಅಳದು ಬರದಿಡು. ಇವತ್ತ ಖಾನಾಪುರದ ಹಂಚಿನ ಕಾರ್ಖಾನಿ ಚನ್ನಬಸಯ್ಯನವರು ಬರ್ತಾರ. ಅವರ ವೆಬ್‌ಸೈಟ್ ನಮ್ಮ ಕಡೆ ಮುಂದೂ ಇಟ್ಕೋಬೇಕೋ ಬ್ಯಾಡೋ ಅಂತ ನೋಡಾಕ. ಅವರ ಮುಂದ ಸರ್ವರ್ ನಿಂತ್ರ ನಾಳಿಂದ ನೀ ಬೀಡ್ಯಾಗ ಇರು."

ಬೀಡಿ ಅವನ ಊರು. ಕೆಲಸ ಸಿಕ್ಕಿತೆಂದು ಎರಡು ತಿಂಗಳ ಹಿಂದಷ್ಟೇ ಓಣಿಗೆಲ್ಲ ಕುಂದಾ ಹಂಚಿ ಬಂದಿದ್ದ.

ನಿಮಿಷಕ್ಕೊಮ್ಮೆ ಮೆಮರಿ ಅಳೆದು, ಫೈಲಿನಲ್ಲಿ ಬರೆದು, ಸ್ಕ್ರೀನಿನ ಮೇಲೂ ಬರೀ ಅಂಕಿಯಾಗಿ ತೋರಿಸುವ ಪ್ರೋಗ್ರಾಂ ಬರೆದು ಸರ್ವರಿಗೆ ಸೇರಿಸಿದ. ನಲವತ್ತು ಎಂಬಿ. ಬಹಳ ಹೊತ್ತು ನಲವತ್ತೇ ಇತ್ತು.

ಬಾಜು ಮೇಜಿನ ಗಜಾನನ ಇಣುಕಿದ. "ನಿಮಿಷಕ್ಕೊಮ್ಮಿ ಅಳದ್ರ ಏನ್ ಸಿಗತೈತೋ ಮಾರಾಯಾ? ಸೆಕೆಂಡಿಗೆ ಹತ್ತು ಸಲಾ ಅಳಿ. ಯಾರು ಯಾವ ಪೇಜ್ ನೋಡಿದ್ರು ಅನ್ನೂದೂ ಬರಿ."

ಮಾಯಪ್ಪ ಹಾಗೇ ಮಾಡಿದ. ಅಂಕಿ ಅರವತ್ತಾಯಿತು. ಊಟದ ಹೊತ್ತಿಗೆ ತೊಂಬತ್ತು. ಸರ್ವರಿಗೆ ಇದ್ದ ಮೆಮರಿಯೇ ನೂರಿಪ್ಪತ್ತೆಂಟು; ಅದನ್ನು ಮುಟ್ಟಿದರೆ ಸರ್ವರ್ ಸತ್ತಂತೆ. ರೊಟ್ಟಿಯ ಬುತ್ತಿಯನ್ನು ಹಾಗೇ ಮುಚ್ಚಿಟ್ಟ.

ಅಷ್ಟರಲ್ಲಿ ಚನ್ನಬಸಯ್ಯನವರು ಬಂದೇಬಿಟ್ಟರು. "ನಿನ್ನ ಕೆಲಸ ನೀ ಮಾಡಪಾ" ಎಂದು ಅವನ ಬೆನ್ನ ಹಿಂದೆಯೇ ಕುರ್ಚಿ ಎಳೆದುಕೊಂಡು ಕುಳಿತು, ಸ್ಕ್ರೀನನ್ನೇ ದಿಟ್ಟಿಸತೊಡಗಿದರು. ನೂರಾ ಐದು. "ಹ್ಞೂಂ" ಎಂದರು. ನೂರಾ ಹದಿನೈದು. "ಹ್ಞೂಂ." ಪ್ರತಿ ಹ್ಞೂಂಗೂ ಮಾಯಪ್ಪ ಕುರ್ಚಿಯಲ್ಲಿ ಇನ್ನಷ್ಟು ಕುಗ್ಗಿದ. ನೂರಿಪ್ಪತ್ತನಾಲ್ಕಕ್ಕೆ ಅವರು ಎದ್ದು ಮೇಡಂ ಕೋಣೆಗೆ ನಡೆದರು.

ಆಗ ಅವನಿಗೆ ಹೊಳೆಯಿತು. ಫೈಲಿಗೆ ಬರೆದದ್ದನ್ನೆಲ್ಲ ಅವನ ಪ್ರೋಗ್ರಾಂ ಮೆಮರಿಯಲ್ಲೂ ಪೇರಿಸಿಕೊಳ್ಳುತ್ತ ಹೋಗಿತ್ತು. ಇವತ್ತು ಇಷ್ಟು ಹೊತ್ತೂ ಮೆಮರಿ ನುಂಗುತ್ತಿದ್ದದ್ದು ಅವನ ಅಳತೆಯೇ! ಗಡಬಡಿಸಿ ಅದನ್ನು ನಿಲ್ಲಿಸಿದ. ಸರ್ವರ್ ಉಳಿಯಿತು.

ಒಳಗಿನಿಂದ ಕರೆ ಬಂತು. ಮಾಯಪ್ಪ ಕೈಮುಗಿದುಕೊಂಡೇ ಹೋದ. "ತಪ್ಪಾತ್ರಿ ಮೇಡಂ..."

"ಎಂಥಾ ತಪ್ಪೋ ತಮ್ಮಾ!" ಚನ್ನಬಸಯ್ಯನವರು ಅವನ ಹೆಗಲು ತಟ್ಟಿದರು. "ನನ್ನ ಹಂಚು ನೋಡಾಕ ನೂರಾ ಇಪ್ಪತ್ನಾಕು ಮಂದಿ! ಮಂದಿ ಬರೂದು ಕಣ್ಣಾರೆ ನೋಡಿದ್ನಿ. ಮೂರು ವರ್ಷಕ್ಕ ಸಹಿ ಹಾಕೇನಿ. ನಾಳಿ ಅಳಿಯನನ್ನೂ ಕರಕೊಂಡ ಬರ್ತೀನಿ. ಇನ್ನೂರು ದಾಟಿರಬೇಕು, ಹ್ಞಾಂ!"

ಅವರು ಮೆಟ್ಟಿಲಿಳಿದ ಮೇಲೆ, ಆ ಅಂಕಿ ಮಂದಿಯದಲ್ಲ, ಮೆಮರಿಯದು ಎಂದು ಮಾಯಪ್ಪ ನಿಜ ಹೇಳಿದ. ಮೇಡಂ ಸಹಿಯಾದ ಕಾಗದವನ್ನು ನೋಡಿದರು, ಅವನನ್ನು ನೋಡಿದರು.

"ನಿನ್ನ ಅಳತಿ ಮತ್ತ ಚಾಲೂ ಮಾಡು," ಎಂದರು. "ಸರ್ವರ್ ಮಾತ್ರ ನಿಂದರಬಾರದು."