ಫಕ್ಕೀರಪ್ಪ ಕಾವಿಗೆ ಕೂತದ್ದು

ರಾಣೆಬೆನ್ನೂರಿನಲ್ಲಿ ಮೋಟಾರ್ ವೈಂಡಿಂಗ್ ಮಾಡುವ ಫಕ್ಕೀರಪ್ಪ ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಸ್ಟೂಲು ಇಟ್ಟು, ಸ್ಟೂಲಿನ ಮೇಲೆ ತನ್ನ ಹೊಸ ಯಂತ್ರ ಇಟ್ಟು, ಅದಕ್ಕೆ ಒಗೆದ ಟವೆಲ್ ಹೊದಿಸಿ, ಗಂಟಲು ಸರಿಮಾಡಿಕೊಂಡ. ಉದ್ಘಾಟನೆಗೆ ಬಂದ ಗಣ್ಯರು ಇಬ್ಬರೇ. ಒಬ್ಬಳು ಹೆಂಡತಿ ರತ್ನವ್ವ. ಇನ್ನೊಬ್ಬಳು ರತ್ನವ್ವನ ಕಂಕುಳಲ್ಲಿದ್ದ ಕೋಳಿ, ಚುಕ್ಕಿ.

ಚುಕ್ಕಿಗೆ ಏನೂ ಆಗಿರಲಿಲ್ಲ. ಆಗಬಾರದು ಎಂಬುದಕ್ಕೇ ಈ ಯಂತ್ರ. ಅದರ ಜೊತೆಗಾತಿ ಗೌರಿ ಹೋದ ವರ್ಷ ಹೊಟ್ಟೆಯಲ್ಲಿ ಗಡ್ಡೆಯಾಗಿ ಸತ್ತಿತ್ತು. ಕ್ಯಾನ್ಸರ್ ಎಂದಿದ್ದರು ಪಶು ಡಾಕ್ಟರು. ಬಿಡುವಿಲ್ಲದೆ ಮೊಟ್ಟೆ ಇಡುವ ಕೋಳಿಗೆ ಇದು ಹೆಚ್ಚಂತೆ; ಮೇವಿನಲ್ಲಿ ಅಗಸೆ ಬೀಜ ಕೊಟ್ಟರೆ ಸ್ವಲ್ಪ ತಡೆಯಬಹುದು ಅಂತ ಓದಿದ್ದೇನೆ, ಖಾತ್ರಿ ಹೇಳಲಾರೆ ಎಂದಿದ್ದರು. ರತ್ನವ್ವ ಅಂದಿನಿಂದ ಒಂದು ಚಮಚ ಅಗಸೆ ಪುಡಿಯನ್ನು ನುಚ್ಚಿಗೆ ಕಲಸಿ ಹಾಕುತ್ತಿದ್ದಳು. ಒಂದು ಚಮಚದಲ್ಲಿ ಮುಗಿಯುವ ಕೆಲಸಕ್ಕೆ ನಾಲ್ಕು ತಿಂಗಳು, ಮೂರು ಫ್ಯಾನಿನ ಕಾಯಿಲ್, ಒಂದು ಮಿಕ್ಸರ್ ಜಾರು ಬೇಕಾಗುತ್ತದೆ ಎಂದು ಕಂಡುಹಿಡಿದವನು ಫಕ್ಕೀರಪ್ಪ.

ಯಂತ್ರ ಗುಂಯ್ ಅನ್ನುತ್ತದೆ, ಬೆಚ್ಚಗಾಗುತ್ತದೆ. ಆ ಗುಂಯ್ ಕೇಳಿದ ಕೋಳಿ ಕಾವಿಗೆ ಕೂರುತ್ತದೆ. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದಿಲ್ಲ, ಅದಕ್ಕೆ ವಿಶ್ರಾಂತಿ. ಕೂತಲ್ಲಿಗೇ ತಾಸಿಗೊಂದು ಅಗಸೆ ಗುಳಿಗೆ ಉರುಳಿ ಬರುತ್ತದೆ.

“ನಮ್ಮವ್ವ ಕೋಳಿ ಕಾವು ಬಿಡಸಾಕ ಜೀವಮಾನ ಪೂರ್ತಿ ಒದ್ದಾಡಿದ್ಲು,” ಎಂದಳು ರತ್ನವ್ವ. “ನೀವು ಕಾವು ಹತ್ತಸಾಕ ಮಷೀನ್ ಮಾಡೀರಿ.”

ಚುಕ್ಕಿ ಒಂದಿಷ್ಟು ಸೊರಗಿದರೂ ಬ್ಯಾಡಗಿಯ ತಂಗಿಯ ಮನೆಗೆ ಒಯ್ದು ಬಿಡುತ್ತೇನೆ ಎಂದೂ ಸೇರಿಸಿದಳು. ಫಕ್ಕೀರಪ್ಪ ಮೇಲೆ ನಕ್ಕ, ಒಳಗೆ ನಡುಗಿದ. ದಿನಾ ಮಧ್ಯಾಹ್ನ ಚುಕ್ಕಿ ಅಂಗಡಿಗೆ ಬಂದು, ಅವನ ಪಾದದ ಮೇಲೆ ಕೂತು, ಅವನ ಸಿದ್ಧಾಂತಗಳನ್ನೆಲ್ಲ ಕೇಳುತ್ತಿತ್ತು. ಅವನ ಮಾತಿನ ನಡುವೆ ಎದ್ದು ಹೋಗದ ಜೀವ ಓಣಿಯಲ್ಲಿ ಅದೊಂದೇ.

ಸ್ವಿಚ್ ಹಾಕಿದ ಐದೇ ನಿಮಿಷಕ್ಕೆ ಚುಕ್ಕಿ ರೆಕ್ಕೆ ಹರವಿ ಕೂತಿತು. ಬರೀ ನೆಲದ ಮೇಲೆ ಕೂತದ್ದು ನೋಡಲಾರದೆ ಫಕ್ಕೀರಪ್ಪ ಅದರಡಿ ಎರಡು ನಿಂಬೆಹಣ್ಣು ಸರಿಸಿದ. ಮೊದಲ ಗುಳಿಗೆ ಉರುಳಿತು. ಚುಕ್ಕಿ ಅದರತ್ತ ನೋಡಲಿಲ್ಲ. ಎರಡನೆಯದು ಬಂತು, ಮೂರನೆಯದು ಬಂತು. ಸಂಜೆಗೆ ಎಂಟು ಗುಳಿಗೆಗಳು ಅದರ ಕೊಕ್ಕಿನ ಮುಂದೆ ಸಾಲಾಗಿ ನಿಂತಾಗ, ಕೋಳಿ ಸಾಕಿದವರ ಮನೆಯ ಕೂಸಿಗೂ ಗೊತ್ತಿರುವ ಸಂಗತಿಯೊಂದು ಫಕ್ಕೀರಪ್ಪನಿಗೆ ಹೊಳೆಯಿತು. ಕಾವಿಗೆ ಕೂತ ಕೋಳಿ ಊಟ ಬಿಡುತ್ತದೆ! ಔಷಧ ತಿನ್ನಿಸಲು ಮಾಡಿದ ಯಂತ್ರ ಇದ್ದ ನುಚ್ಚನ್ನೂ ಬಿಡಿಸಿತ್ತು. ಯಂತ್ರ ಆರಿಸಿದರೂ ಚುಕ್ಕಿ ಏಳಲಿಲ್ಲ.

ಎರಡು ದಿನಕ್ಕೆ ಅದರ ಎದೆಯ ಮೂಳೆ ಕೈಗೆ ಸಿಗತೊಡಗಿತು. ರತ್ನವ್ವ ಬುಟ್ಟಿ ಮತ್ತು ಹಗ್ಗ ತೆಗೆದು ಬಾಗಿಲಲ್ಲಿಟ್ಟು ಸಂತೆಗೆ ಹೋದಳು.

ಫಕ್ಕೀರಪ್ಪ ತನ್ನ ಮೂವತ್ತು ವರ್ಷದ ವಿದ್ಯೆಯನ್ನೆಲ್ಲ ನೆನೆದ. ಮೋಟಾರು ಉಲ್ಟಾ ತಿರುಗಿದರೆ ಏನು ಮಾಡುತ್ತೇವೆ? ಎರಡು ತಂತಿ ಅದಲುಬದಲು ಮಾಡುತ್ತೇವೆ. ಹಾಗಾದರೆ ಕಾವೂ ಉಲ್ಟಾ ಆಗಲೇಬೇಕಲ್ಲ? ಬದಲಿಸಿ ಸ್ವಿಚ್ ಹಾಕಿದ. ಕಾವು ಉಲ್ಟಾ ಆಗಲಿಲ್ಲ. ಗುಂಯ್ ಮಾತ್ರ ಓಣಿ ತುಂಬ ಕೇಳುವಷ್ಟು ಜೋರಾಯಿತು.

ಮೊದಲು ಪಕ್ಕದ ಮನೆಯ ಜೈನಾಬಿಯ ಹುಂಜ ಬಂದು, ಮೀಸೆ ತಿರುವಿದಂಥ ತನ್ನ ಗತ್ತನ್ನೆಲ್ಲ ಬಿಟ್ಟು, ಫಕ್ಕೀರಪ್ಪನ ಚಪ್ಪಲಿಯ ಮೇಲೆ ಕೂತಿತು. ಆಮೇಲೆ ರಿಪೇರಿಗೆ ಕೊಟ್ಟ ಪಂಪು ಒಯ್ಯಲು ಮಲ್ಲೇಶಿ ಬಂದ. ಬಾಯಿ ತೆರೆದವನು ಮುಚ್ಚಿ, ಹೆಲ್ಮೆಟ್ ನೆಲಕ್ಕಿಟ್ಟು, ಅದರ ಮೇಲೆ ಮೆಲ್ಲಗೆ ಕುಕ್ಕರಗಾಲಲ್ಲಿ ಕೂತ.

ಯಂತ್ರ ಆರಿಸಬೇಕೆಂದು ಫಕ್ಕೀರಪ್ಪ ಎರಡು ಹೆಜ್ಜೆ ಇಟ್ಟದ್ದು ನಿಜ. ಅಷ್ಟರಲ್ಲಿ ಮಲ್ಲೇಶಿಯ ಪಂಪು ಕಣ್ಣಿಗೆ ಬಿತ್ತು. ಪಾಪ, ತಣ್ಣಗಿದೆ, ಒಂಟಿಯಾಗಿದೆ ಅನಿಸಿತು. ಇದು ಪೆದ್ದುತನ ಎಂದು ತಲೆ ಹೇಳುತ್ತಿತ್ತು, ಸೊಂಟ ಕೇಳಲಿಲ್ಲ. ಕೂತ. ಎಲ್ಲ ಕಡೆಗೂ ಸಮನಾಗಿ ಕಾವು ತಾಗಲೆಂದು ನಡುನಡುವೆ ಅದನ್ನು ಹೊರಳಿಸಿದ ಕೂಡ.

ರತ್ನವ್ವ ಬಂದಾಗ ಮಧ್ಯಾಹ್ನ. ಅವಳು ಗೋಡೆಯ ಪ್ಲಗ್ ಕಿತ್ತಳು. ಗುಂಯ್ ನಿಂತಿತು, ಯಾರೂ ಏಳಲಿಲ್ಲ. ಹತ್ತಿರ ಹೋದರೆ ಗಂಡ ಕತ್ತಿನ ಕೂದಲು ನಿಮಿರಿಸಿ ಗುರ್ ಅಂದ.

ಅವ್ವ ಕಲಿಸಿದ್ದ ಉಪಾಯ ಒಂದೇ. ಚುಕ್ಕಿಯನ್ನು ಎತ್ತಿ ಬಕೆಟ್ಟಿನ ತಣ್ಣೀರಲ್ಲಿ ಕತ್ತಿನವರೆಗೆ ಮೂರು ಸಲ ಅದ್ದಿದಳು. ಹುಂಜವನ್ನೂ ಅದ್ದಿದಳು. ಬಕೆಟ್ಟಿನಲ್ಲಿ ಹಿಡಿಸದವರ ತಲೆಯ ಮೇಲೆ ಸುರಿದಳು. ಚುಕ್ಕಿ ಮೈ ಕೊಡವಿ, ನೆಟ್ಟಗೆ ನುಚ್ಚಿನ ತಟ್ಟೆಗೆ ಓಡಿ, ಅಗಸೆ ಪುಡಿಯ ಸಮೇತ ಬಳಿದು ತಿಂದಿತು. ಮಲ್ಲೇಶಿ ಒದ್ದೆ ತಲೆಗೆ ಹೆಲ್ಮೆಟ್ ಹಾಕಿ, ಪಂಪು ಎತ್ತಿಕೊಂಡು ಹೋದ.

ನೀರು ಸೋರುತ್ತ ನಿಂತ ಫಕ್ಕೀರಪ್ಪ ಬುಟ್ಟಿಯನ್ನು ತಾನೇ ತಂದು ಹೆಂಡತಿಯ ಮುಂದಿಟ್ಟ. “ಬ್ಯಾಡಗಿಗೆ ಒಯ್ದು ಬಿಡು. ನಾ ಇರೋತನಕ ಅದಕ್ಕ ಆರಾಮಿಲ್ಲ.”

ರತ್ನವ್ವ ಅವನನ್ನೂ ತಟ್ಟೆ ಕುಟುಕುತ್ತಿದ್ದ ಚುಕ್ಕಿಯನ್ನೂ ನೋಡಿದಳು. “ನಾಳಿಯಿಂದ ಒಂದು ಚಮಚ ಪುಡಿ ನೀವ ಕಲಸಿ ಹಾಕ್ರಿ. ಚಮಚಕ್ಕ ತಂತಿ ಹಚ್ಚಬ್ಯಾಡ್ರಿ. ಈಗ ಅದನ್ನ ಬಿಚ್ಚ್ರಿ.”

ಮೊದಲ ಸ್ಕ್ರೂ ತಿರುಗಿಸುವಷ್ಟರಲ್ಲಿ ಮಲ್ಲೇಶಿಯ ಬಾಯಿಂದ ಸುದ್ದಿ ಕೇಳಿ ಜೈನಾಬಿ ಓಡಿ ಬಂದಳು. ಹಿಂದೆ ಓಣಿಯ ಇನ್ನೂ ಮೂವರು ಹೆಂಗಸರು.

“ಬಿಚ್ಚಸಬ್ಯಾಡ ರತ್ನಕ್ಕ. ನಮ್ಮ ಮನಿಯವರು ಲಗ್ನ ಆದಾಗಿಂದ ಒಂದ್ ದಿನಾನೂ ಮನ್ಯಾಗ ಕುಂತಿಲ್ಲ. ಒಂದ್ ತಾಸು ಕೊಡು, ಹಚ್ಚಿ ನೋಡ್ತೀನಿ.”

ತನ್ನ ಯಂತ್ರವನ್ನು ಯಾರಾದರೂ ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು. ಫಕ್ಕೀರಪ್ಪ ಸ್ಕ್ರೂಡ್ರೈವರ್ ಹಿಡಿದು ಆಸೆಯಿಂದ ಹೆಂಡತಿಯ ಮುಖ ನೋಡಿದ.

“ಕುಂತ ಗಂಡನ್ನ ಈಗ ನೋಡೀನಿ, ಜೈನಾಬಿ,” ಎಂದಳು ರತ್ನವ್ವ. “ತಿರಗಾಡೋರ ಛಲೋ.”